ನಗು ಎಣಿಸುವ ಗುಮಾಸ್ತ ಮತ್ತು ನಾಲ್ಕು ಕಾರ್ಡು

ಏಪ್ರಿಲ್ 14, ಸೋಮವಾರ, ಬೆಳಿಗ್ಗೆ 6 ಗಂಟೆ 20 ನಿಮಿಷ. ಚಳ್ಳಕೆರೆಯ ನಮ್ಮ ಬಾಡಿಗೆ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಇದನ್ನು ಶುರು ಮಾಡಿದ್ದೇನೆ. ಇವತ್ತು ರಜೆ. ಒಂದು ಲೋಟ ಚಹಾ ಮುಗಿದಿದೆ. ಎರಡನೆಯದನ್ನು ಕೇಳಲು ಧೈರ್ಯವಿಲ್ಲ, ಯಾಕೆಂದರೆ ಒಂದು ಕಾರ್ಡಿನ ವಿಷಯದಲ್ಲಿ ಅವ್ವನಿಗೂ ನನಗೂ ಒಂದು ತಿಂಗಳಿಂದ ಮಾತು ಸರಿಯಿಲ್ಲ. ಆ ಕಾರ್ಡಿನ ಕಥೆಯನ್ನೇ ಬರೆಯಲು ಕುಳಿತಿದ್ದೇನೆ.

ನಾನು ದಿನಚರಿ ಬರೆಯಲು ಶುರು ಮಾಡಿ ಒಂಬತ್ತು ವರ್ಷವಾಯಿತು. ಹನ್ನೊಂದು ಪುಸ್ತಕ ತುಂಬಿವೆ. ಅವುಗಳಲ್ಲಿ ಭಾವನೆ ಕಡಿಮೆ, ಎಣಿಕೆ ಜಾಸ್ತಿ. ಬಸ್ಸು ಎಷ್ಟು ನಿಮಿಷ ತಡ, ಮೋಡ ಎಷ್ಟು ಸಲ ಕವಿದು ಸುಮ್ಮನೆ ಹೋಯಿತು, ನನ್ನಿವಾಳದ ಸೋದರಮಾವ ಒಂದು ಊಟ ಮುಗಿಸುವಷ್ಟರಲ್ಲಿ "ನಮ್ ಕಾಲ್ದಾಗೆ" ಎಂದು ಎಷ್ಟು ಸಲ ಅಂದರು (ಹದಿನಾಲ್ಕು), ಇಂಥವು. ಹೊಟ್ಟೆಪಾಡೂ ಅದೇ. ಕುದಾಪುರದ ಹುಲ್ಲುಗಾವಲಿನಲ್ಲಿ ಬೇಲಿ ಹಾಕಿಕೊಂಡು ನಿಂತಿರುವ ಸಂಶೋಧನಾ ಆವರಣಗಳಲ್ಲೊಂದರಲ್ಲಿ ಗುತ್ತಿಗೆಯ ಮೇಲೆ ಸ್ಟೋರಿನ ಕೆಲಸ ಮಾಡುತ್ತೇನೆ. ಒಳಗೆ ಏನು ಸಂಶೋಧನೆ ನಡೆಯುತ್ತದೆ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಎಷ್ಟು ಬಲ್ಬು ಉರಿಯುತ್ತವೆ, ಎಷ್ಟು ಉರಿಯುವುದಿಲ್ಲ ಎಂದು ಕೇಳಿದರೆ ಹೇಳಬಲ್ಲೆ.

ಮೊಳಕಾಲ್ಮೂರಿನಲ್ಲಿ ನಮ್ಮದೊಂದು ಓದುವ ಕೂಟವಿದೆ. ತಿಂಗಳ ಎರಡನೇ ಭಾನುವಾರ ರೇಷ್ಮೆ ಸೀರೆ ನೇಯುವ ಒಬ್ಬ ಅಕ್ಕನ ಮನೆಯಲ್ಲಿ ಸೇರುತ್ತೇವೆ. ಕೋಣೆಯ ಮುಕ್ಕಾಲು ಭಾಗ ಮಗ್ಗ, ಉಳಿದ ಕಾಲು ಭಾಗದಲ್ಲಿ ಸಾಹಿತ್ಯ. ಒಟ್ಟು ಏಳು ಸದಸ್ಯರು. ಅವರಲ್ಲಿ ಈ ಬರಹಕ್ಕೆ ಬೇಕಾದವರು ನನ್ನನ್ನು ಬಿಟ್ಟು ಮೂವರು. ಒಬ್ಬರು ಆ ಅಕ್ಕ. ಇನ್ನೊಬ್ಬರು ಚಳ್ಳಕೆರೆಯಲ್ಲಿ ಲಾರಿ ರಿಪೇರಿ ಮಾಡುವ ಮೆಕ್ಯಾನಿಕ್, ಎಲ್ಲರೂ ಅವರನ್ನು ಭಾಯ್ ಅನ್ನುತ್ತೇವೆ. ಮೂರನೆಯವರು ನಿವೃತ್ತ ಮೇಷ್ಟ್ರು. ಅಕ್ಕನ ಅತ್ತೆಯೂ ಮೂಲೆಯಲ್ಲಿ ಕುಳಿತು ರೇಷ್ಮೆ ಎಳೆ ಸುತ್ತುತ್ತಿರುತ್ತಾರೆ. ಬಾಯಲ್ಲಿ ಒಂದೂ ಹಲ್ಲಿಲ್ಲ. ಮಾತೆಲ್ಲ ತೆಲುಗು. ಅವರಿಗೆ ಕನ್ನಡ ತಿಳಿಯುವುದಿಲ್ಲವೆಂದು ನಾನಾಗಿಯೇ ತೀರ್ಮಾನಿಸಿ ಹಾಜರಿ ಪುಸ್ತಕದಲ್ಲಿ "ಸದಸ್ಯರಲ್ಲ" ಎಂದು ಬರೆದಿದ್ದೆ.

ಕೂಟದ ಕಾರ್ಯದರ್ಶಿ ನಾನು. ಚುನಾವಣೆಯಲ್ಲೇ ಆಯ್ಕೆಯಾದವನು. ನನ್ನ ಹೆಸರನ್ನು ಸೂಚಿಸಿದವನು ನಾನು, ಎದುರಾಳಿ ಇರಲಿಲ್ಲ, ಮತ ಎಣಿಸಿದವನೂ ನಾನೇ. ಏಳಕ್ಕೆ ಏಳು ಬಂತು. ಆ ದಿನ ಬಂದಿದ್ದವರು ಐವರು. ಬಾರದವರ ಒಪ್ಪಿಗೆ ಇದ್ದೇ ಇರುತ್ತದೆ ಎಂದು ನಡಾವಳಿಯಲ್ಲಿ ಬರೆದೆ. ಆಮೇಲೆ ಹದಿನಾಲ್ಕು ನಿಯಮ ಮಾಡಿದೆ. ಹಾಜರಿ ಎರಡು ಸಲ, ಬಂದಾಗೊಮ್ಮೆ ಹೋಗುವಾಗೊಮ್ಮೆ. ಕಥೆಯನ್ನು ಗೆರೆ ಹಾಳೆಯ ಒಂದೇ ಬದಿಯಲ್ಲಿ, ಅಂಚು ಬಿಟ್ಟು ಬರೆಯಬೇಕು. ಕಥೆ ಓದುವಾಗ ಯಾರು ಎಷ್ಟು ಸಲ ನಕ್ಕರೆಂದು ಕಾರ್ಯದರ್ಶಿ ಎಣಿಸುತ್ತಾನೆ. ಜೋರು ನಗುವಿಗೆ ಒಂದು, ಸದ್ದಿಲ್ಲದ ನಗುವಿಗೆ ಅರ್ಧ. ವರ್ಷದ ಕೊನೆಗೆ ಯಾವ ಕಥೆ ಹೆಚ್ಚು ನಗಿಸಿತು ಎಂದು ಪಟ್ಟಿ ಮಾಡುವುದು ನನ್ನ ಯೋಜನೆ. ಯಾರೂ ವಿರೋಧಿಸಲಿಲ್ಲ. ಈಗ ನೋಡಿದರೆ, ವಿರೋಧಿಸುವುದು ಹೇಗೆ ಎಂಬ ನಿಯಮವನ್ನೇ ನಾನು ಮಾಡಿರಲಿಲ್ಲ.

ಈ ವರ್ಷದ ವಿಷಯವನ್ನು ಆರಿಸಿದವನೂ ನಾನೇ: ಸರ್ವಾಧಿಕಾರವನ್ನೂ ಅದರ ಪ್ರಚಾರವನ್ನೂ ಕಥೆಗಳು ಹೇಗೆ ಅಣಕಿಸುತ್ತವೆ. ಜನವರಿ 12ರಂದು ನಲವತ್ತು ನಿಮಿಷ ಭಾಷಣ ಮಾಡಿದೆ. ಅದರಲ್ಲಿ ಆರು ನಿಮಿಷ ಭಾಯ್ ನಿದ್ದೆ ಮಾಡಿದರು. ಭಾಷಣ ಕೆಟ್ಟದಾಗಿರಲಿಲ್ಲ. ನಿಜವಾದ ಹೆಸರು ಬರೆಯಲಾಗದ ಕಡೆ ಕಥೆಗಾರ ಹೆಸರಿಲ್ಲದ ದೇಶವನ್ನು ಕಟ್ಟುತ್ತಾನೆ ಅಂದೆ. ಪ್ರಚಾರ ಒಂದು ಮಾತನ್ನು ಹತ್ತು ಸಲ ಹೇಳಿ ನಿಜ ಮಾಡುತ್ತದೆ, ವಿಡಂಬನೆ ಅದೇ ಮಾತನ್ನು ಹನ್ನೊಂದನೇ ಸಲ ಹೇಳಿ ಸುಳ್ಳು ಮಾಡುತ್ತದೆ ಅಂದೆ. ದೊರೆಯನ್ನು ಬೈಯಬೇಕಾಗಿಲ್ಲ, ಅವನ ಆಜ್ಞೆಯನ್ನು ಚಾಚೂ ತಪ್ಪದೆ ಕೊನೆಯವರೆಗೆ ಪಾಲಿಸಿ ತೋರಿಸಿದರೆ ಸಾಕು, ಆಜ್ಞೆಯ ಹುಚ್ಚು ತಾನಾಗಿ ಬಯಲಾಗುತ್ತದೆ ಅಂದೆ. ಕತ್ತರಿ ಹಾಕುವವರು ಯಾವಾಗಲೂ ಕೊಡುವ ಮೂರು ಕಾರಣಗಳನ್ನೂ ಪಟ್ಟಿ ಮಾಡಿದೆ: ಜಾಗ ಸಾಲದು, ಹೇಳಿದ್ದನ್ನೇ ಹೇಳಿದೆ, ಓದುಗರಿಗೆ ಗೊಂದಲವಾಗುತ್ತದೆ. ಈ ಪಟ್ಟಿ ನನ್ನ ಟಿಪ್ಪಣಿಯ ಮೂರನೇ ಪುಟದಲ್ಲಿದೆ. ಮುಂದೆ ಬೇಕಾಗುತ್ತದೆ.

ಭಾಷಣ ಮುಗಿದ ಮೇಲೆ ಅಕ್ಕ ಕೇಳಿದರು: "ತಮ್ಮಾ, ಒಂದ್ ಮಾತು. ಈ ದೊರೆ ಒಬ್ನೇ ಅಷ್ಟ್ ಜನಾನ ಹೆಂಗ್ ಕಾಯ್ತಾನೆ? ಅವ್ನಿಗೂ ನಿದ್ದೆ ಬರಲ್ವಾ?"

"ಅದಕ್ಕೇ ಅಕ್ಕ, ಸೈನ್ಯ ಇರುತ್ತೆ, ರೇಡಿಯೋ ಇರುತ್ತೆ."

"ಅವ್ರಲ್ಲ. ಬರ್ಕೊಳ್ಳೋರು. ಯಾರ್ ಬಂದ್ರು, ಯಾರ್ ಬರ್ಲಿಲ್ಲ, ಯಾರ್ ನಕ್ಕ್ರು ಅಂತ ಬರ್ಕೊಳ್ಳೋರು ಇರ್ಬೇಕಲ್ಲ?"

ಒಳ್ಳೆಯ ಪ್ರಶ್ನೆ ಅಂದೆ. ಬರೆದುಕೊಂಡೆ.

ಮುಂದಿನ ಸಲ ಎಲ್ಲರೂ ಒಂದೊಂದು ಕಥೆ ತರಬೇಕು, ಏಪ್ರಿಲ್‌ನಲ್ಲಿ ಅವನ್ನೆಲ್ಲ ಸೇರಿಸಿ ಕೈಬರಹದ ಪತ್ರಿಕೆ ಮಾಡಬೇಕು ಎಂದು ತೀರ್ಮಾನವಾಯಿತು. ಅಕ್ಷರ ದುಂಡಗಿದೆಯೆಂದು ನಕಲು ಮಾಡುವ ಕೆಲಸ ನನ್ನದು.

ಫೆಬ್ರವರಿ 9. ಮೊದಲು ಭಾಯ್ ಕಥೆ. ಬರೆದುಕೊಂಡು ಬಂದಿರಲಿಲ್ಲ, ಬಾಯಲ್ಲೇ ಹೇಳಿದರು.

"ಒಂದ್ ಮುಲ್ಕ್ ಇತ್ತು. ಅಲ್ಲಿನ ಬಾದಶಾ ಹೇಳ್ದ, ನಮ್ ದೇಶ ಮುಂದಕ್ಕೇ ಹೋಗ್ಬೇಕು, ನಿಲ್ಲಂಗಿಲ್ಲ. ಅಲ್ಲಿಂದ ಬ್ರೇಕ್ ಬಂದ್. ಯಾಕಂದ್ರೆ ಬ್ರೇಕ್ ಹಾಕೋದು ಅಂದ್ರೆ ಪ್ರಗತಿಗೆ ಅಡ್ಡ. ಎಲ್ಲಾ ಗಾಡೀದು ಬ್ರೇಕ್ ಬಿಚ್ಚಿ ನಮ್ ಮೆಕ್ಯಾನಿಕ್‌ಗಳ ಹತ್ರ ಜಮಾ ಮಾಡ್ಸಿದ್ರು. ಗುದ್ದಿದ ಗಾಡೀನ ಏನಂತ ಬರೀತಿದ್ರು ಗೊತ್ತಾ? 'ಗುರಿ ಮುಟ್ಟಿದೆ' ಅಂತ."

ಮೇಷ್ಟ್ರು ನಗುವುದಕ್ಕೆ ಕನ್ನಡಕ ತೆಗೆದರು. "ಹೌದಪ್ಪಾ, ಆ ಬಾದಶಾನ ಗಾಡಿ ಕಥೆ ಏನು?"

"ಅವ್ನ್ ಗಾಡೀಲಿ ಯಾಕ್ ಕೂರ್ತಾನೆ ಮೇಷ್ಟ್ರೆ? ನಡ್ಕೊಂಡ್ ಹೋಗ್ತಾನೆ. ಅದನ್ನೂ ಪೇಪರ್‌ನಾಗೆ ಹಾಕ್ತಾರೆ, ನೋಡ್ರಿ ಎಷ್ಟ್ ಸಾದಾ ಮನುಷ್ಯ ಅಂತ."

ಹನ್ನೊಂದೂವರೆ ನಗು. ನಾನು ಬರೆದುಕೊಳ್ಳುವಷ್ಟರಲ್ಲಿ ಅಕ್ಕ ಮಗ್ಗದ ಮೇಲಿಂದ ಒಂದು ಕಟ್ಟು ಇಳಿಸಿದರು. ಸೀರೆಯ ಅಂಚಿನ ಚಿತ್ತಾರಕ್ಕೆ ಬಳಸುವ ಡಿಸೈನ್ ಕಾರ್ಡುಗಳು. ಮೊಳಕ್ಕೆ ಸ್ವಲ್ಪ ಕಡಿಮೆ ಉದ್ದದ ರಟ್ಟಿನ ಪಟ್ಟಿಗಳು, ತುಂಬ ತೂತುಗಳು. ಒಂದರ ಬೆನ್ನಿಗೆ ಒಂದು ದಾರದಲ್ಲಿ ಹೊಲಿದಿರುತ್ತಾರೆ. ಮಗ್ಗದ ಮೇಲೆ ಅವು ಒಂದೊಂದಾಗಿ ತಿರುಗಿದಂತೆ ಯಾವ ಎಳೆ ಏಳಬೇಕು ಎಂಬುದನ್ನು ತೂತುಗಳು ಹೇಳುತ್ತವೆ, ಕೆಳಗೆ ನವಿಲು ಮೂಡುತ್ತದೆ. ಇವು ಹಳೆಯ ನವಿಲಿನ ಕಾರ್ಡುಗಳು, ಸವೆದು ಮೂಲೆ ಸೇರಿದವು. ಅಕ್ಕ ಅವುಗಳ ಹಿಂಬದಿಯಲ್ಲಿ, ತೂತು ತಪ್ಪಿಸಿ ಬಾಲ್ ಪೆನ್ನಿನಲ್ಲಿ ಕಥೆ ಬರೆದಿದ್ದರು. ಮೂವತ್ತೊಂದು ಕಾರ್ಡು.

"ಅಕ್ಕ, ಗೆರೆ ಹಾಳೆ ಅಂತ ನಿಯಮ ಇತ್ತಲ್ಲ."

"ಹಾಳೆ ಹಾರೋಗುತ್ತೆ ತಮ್ಮಾ. ಇದು ಹೊಲ್ದಿರೋದು, ಹಿಂದಿಂದು ಮುಂದಾಗಲ್ಲ, ಮುಂದಿಂದು ಹಿಂದಾಗಲ್ಲ."

ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ಅವರು ಬರೆದ ಮೊದಲ ಬರಹ ಅದು. ಹಾಸ್ಟೆಲ್‌ನಲ್ಲಿ ಓದುವ ಮಗಳು ಏಪ್ರಿಲ್‌ನಲ್ಲಿ ಊರಿಗೆ ಬರುತ್ತಾಳೆ, ಪತ್ರಿಕೆಯಲ್ಲಿ ತನ್ನ ಕಥೆ ಅವಳಿಗೆ ತೋರಿಸಬೇಕು ಎಂದು ಅವತ್ತು ಎರಡು ಸಲ ಹೇಳಿದರು.

ಕಥೆ ಹೀಗೆ. ಒಂದು ದೇಶದ ದೊರೆಗೆ ಪ್ರಜೆಗಳ ಮೇಲೆ ಬಹಳ ಪ್ರೀತಿ. ಅವರು ಸುಖವಾಗಿದ್ದಾರೋ ಇಲ್ಲವೋ ತಿಳಿಯಲು ಒಬ್ಬ ಗುಮಾಸ್ತನನ್ನು ನೇಮಿಸಿದ. ಗುಮಾಸ್ತ ಕಿವಿಗೆ ಪೆನ್ನು ಸಿಕ್ಕಿಸಿಕೊಂಡು ಮನೆಮನೆಗೆ ಹೋಗಿ ನಗು ಎಣಿಸುತ್ತಾನೆ. ಹಲ್ಲು ಕಂಡರೆ ಒಂದು, ಕಾಣದಿದ್ದರೆ ಅರ್ಧ. ಯಾರು ಏನು ಹೇಳಲು ಬಂದರೂ "ಒಂದ್ ನಿಮಿಷ, ಬರ್ಕೊಂಡ್ಬಿಡ್ತೀನಿ" ಅನ್ನುತ್ತಾನೆ, ಬರೆದು ಮುಗಿಸುವಷ್ಟರಲ್ಲಿ ಹೇಳಲು ಬಂದವರು ಹೊರಟುಹೋಗಿರುತ್ತಾರೆ. ಜನ ಅವನನ್ನು ಕಂಡ ಕೂಡಲೇ ಹಲ್ಲು ಕಿರಿಯುವುದನ್ನು ಕಲಿಯುತ್ತಾರೆ. ಹಲ್ಲಿಲ್ಲದ ಒಬ್ಬ ಮುದುಕಿಯ ನಗುವನ್ನು ಮಾತ್ರ ಹೇಗೆ ಬರೆಯುವುದೆಂದು ಅವನಿಗೆ ತಿಳಿಯುವುದಿಲ್ಲ. "ಲೆಕ್ಕಕ್ಕಿಲ್ಲ" ಎಂದು ಬರೆಯುತ್ತಾನೆ. ಮುದುಕಿ ಬಿಡುವುದಿಲ್ಲ, ದೊರೆಗೇ ತೋರಿಸುತ್ತೇನೆ ಎಂದು ಅರಮನೆಗೆ ನುಗ್ಗುತ್ತಾಳೆ. ಸಿಂಹಾಸನದ ಮೇಲೆ ಯಾರೂ ಇಲ್ಲ, ಎಷ್ಟೋ ವರ್ಷದ ಧೂಳು. ದೊರೆ ಯಾವಾಗಲೋ ಸತ್ತಿದ್ದಾನೆ. ಎಣಿಕೆ ನಿಲ್ಲದ್ದರಿಂದ ಯಾರಿಗೂ ಗೊತ್ತಾಗಿಲ್ಲ. ಆಗ ಮುದುಕಿ ತಿರುಗಿ ಗುಮಾಸ್ತನಿಗೆ ಒಂದು ಮಾತು ಹೇಳುತ್ತಾಳೆ.

ಆ ಒಂದು ಮಾತಿಗೆ ಇಡೀ ಕೋಣೆ ನಕ್ಕಿತು. ಭಾಯ್ ಗೋಡೆ ಹಿಡಿದುಕೊಂಡರು. ಮೂಲೆಯಲ್ಲಿ ಅತ್ತೆ ಕೈಯ ಎಳೆ ಬಿಟ್ಟು ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ಅತ್ತೆ ಸದಸ್ಯರಲ್ಲವಾದ್ದರಿಂದ ಅವರ ನಗುವನ್ನು ಸೇರಿಸಲಿಲ್ಲ. ಇಡೀ ಕಥೆಗೆ ಒಟ್ಟು ಹತ್ತೊಂಬತ್ತು, ಕೂಟದ ದಾಖಲೆ. ಆಮೇಲೆ ಗಂಟಲು ಸರಿಮಾಡಿಕೊಂಡು ವಿಮರ್ಶೆ ಮಾಡಿದೆ: "ದೊರೆಯ ಕಲ್ಪನೆ ಚೆನ್ನಾಗಿದೆ. ಗುಮಾಸ್ತನ ಪಾತ್ರ ಮಾತ್ರ ಸ್ವಲ್ಪ ಅಸಹಜ. ಇಂಥವನು ಎಲ್ಲಿರ್ತಾನೆ?"

ಭಾಯ್ ಬಹಳ ಮೆಲ್ಲಗೆ ಕೇಳಿದರು: "ಲೇ, ನಿಂಗೆ ನಿಜವಾಗ್ಲೂ ಎಲ್ಲೂ ಕಂಡಿಲ್ವಾ ಅಂಥೋನು?"

"ಇಲ್ಲ ಭಾಯ್."

ಮತ್ತೆ ಎಲ್ಲರೂ ನಕ್ಕರು. ಅದಕ್ಕೂ ಐದು ಸೇರಿಸಿದೆ.

ತಿಳಿದದ್ದು ವಾಪಸ್ ಬರುವ ಬಸ್ಸಿನಲ್ಲಿ, ತಳಕು ಎಂಬ ಊರು ದಾಟಿದ ಮೇಲೆ. ಕಂಡಕ್ಟರ್ "ಒಳಕ್ ಬಾರಪ್ಪಾ, ಬಾಗಿಲ್ದಾಗ್ ನಿಲ್ಬ್ಯಾಡ" ಅಂದರು. ನಾನು ಟಿಕೆಟ್ಟಿನ ಸಂಖ್ಯೆ ದಿನಚರಿಗೆ ಇಳಿಸುತ್ತಿದ್ದೆ. "ಒಂದ್ ನಿಮಿಷ, ಬರ್ಕೊಂಡ್ಬಿಡ್ತೀನಿ" ಅಂದೆ. ಅಂದವನು ಹಾಗೇ ನಿಂತೆ. ಕೈ ತಾನಾಗಿ ಬಲಗಿವಿಗೆ ಹೋಯಿತು. ಅಲ್ಲಿ ಪೆನ್ನಿನ ಮುಚ್ಚಳ ಇತ್ತು.

ಆ ದಿನದ ಪುಟದಲ್ಲಿ ಇದರ ಬಗ್ಗೆ ಒಂದು ಅಕ್ಷರವೂ ಇಲ್ಲ. "ಬಸ್ಸು 12 ನಿಮಿಷ ತಡ" ಎಂದಷ್ಟೇ ಇದೆ. ಒಂಬತ್ತು ವರ್ಷದಲ್ಲಿ ನಾನು ನನ್ನ ದಿನಚರಿಗೇ ಹೇಳಿದ ಮೊದಲ ಸುಳ್ಳು ಅದು. ಸುಳ್ಳು ಹೇಳಲು ನಿಜವಾದ ಅಂಕಿಯನ್ನೇ ಬಳಸಿದ್ದೇನೆ ಎಂಬುದನ್ನೂ ಗಮನಿಸಿದೆ. ಪ್ರಚಾರದ ಬಗ್ಗೆ ಭಾಷಣ ಮಾಡುವಾಗ ಈ ಅಂಶ ನನಗೆ ಹೊಳೆದಿರಲಿಲ್ಲ.

ನಕಲು ಮಾಡಲೆಂದು ಕಾರ್ಡಿನ ಕಟ್ಟನ್ನು ಮನೆಗೆ ತಂದಿದ್ದೆ. ಫೆಬ್ರವರಿ 12, ಬುಧವಾರ, ಬೆಳಿಗ್ಗೆ 7 ಗಂಟೆ 5 ನಿಮಿಷಕ್ಕೆ ದಾರ ಕತ್ತರಿಸಿ ನಾಲ್ಕು ಕಾರ್ಡು ತೆಗೆದೆ. ಪೆನ್ನು ಇದ್ದ ಎಂಟನೆಯದು, "ಒಂದ್ ನಿಮಿಷ" ಇದ್ದ ಹದಿಮೂರನೆಯದು, ಹಲ್ಲುಗಳ ಹದಿನಾಲ್ಕನೆಯದು, ಮುದುಕಿಯ ಮಾತಿದ್ದ ಇಪ್ಪತ್ತೇಳನೆಯದು. ಕಾರಣಗಳನ್ನೂ ಬರೆದಿಟ್ಟೆ: ಜಾಗ ಸಾಲದು, ಹೇಳಿದ್ದನ್ನೇ ಹೇಳಿದೆ, ಓದುಗರಿಗೆ ಗೊಂದಲ. ಇವೇ ಮೂರು ಜನವರಿಯ ಟಿಪ್ಪಣಿಯ ಮೂರನೇ ಪುಟದಲ್ಲಿವೆ ಎಂಬುದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಉಳಿದ ಇಪ್ಪತ್ತೇಳು ಕಾರ್ಡನ್ನು ಸೇರಿಸಿ, ಸ್ಟೋರಿನಲ್ಲಿ ಪಾರ್ಸೆಲ್ ಕಟ್ಟುವ ಹಾಗೆ ಬಿಗಿಯಾಗಿ ಗಂಟು ಹಾಕಿದ್ದೆ. ತೆಗೆದ ಕಾರ್ಡುಗಳನ್ನು ಹರಿಯಲಿಲ್ಲ. ನನ್ನಂಥವರಿಗೆ ಹರಿಯಲು ಕೈ ಬರುವುದಿಲ್ಲ. ಮಡಿಸಿ ಲಕೋಟೆಗೆ ಹಾಕಿ, "ತೆಗೆದವು: 4", ದಿನಾಂಕ, ಸಮಯ ಎಲ್ಲ ಬರೆದು ದಿನಚರಿಯ ಜೊತೆ ಇಟ್ಟೆ. ಇಪ್ಪತ್ತೇಳನೆಯದು ಮಾತ್ರ ಮಡಿಸಲು ಬಗ್ಗಲಿಲ್ಲ, ಲಕೋಟೆಯ ಮೇಲೆ ಹಾಗೇ ಇಟ್ಟೆ. ಕತ್ತರಿ ಹಾಕುವವರು ಸಿಕ್ಕಿಬೀಳುವುದು ಹೆಚ್ಚಾಗಿ ಇದರಿಂದಲೇ ಇರಬೇಕು. ಮಾಡಿದ್ದನ್ನು ಅಚ್ಚುಕಟ್ಟಾಗಿ ಬರೆದಿಟ್ಟಿರುತ್ತಾರೆ.

ನಾನು ಅದಕ್ಕೂ ಮೊದಲೇ ಸಿಕ್ಕಿಬಿದ್ದೆ. ಮಾರ್ಚ್ 9ರಂದು ಕಟ್ಟನ್ನು ವಾಪಸ್ ಕೊಟ್ಟೆ. ಅಕ್ಕ ಅದನ್ನು ಓದಲಿಲ್ಲ, ನೋಡಲೂ ಇಲ್ಲ. ಮೇಷ್ಟ್ರ ಜೊತೆ ಮಾತಾಡುತ್ತಲೇ ದಾರದ ಮೇಲೆ ಬೆರಳು ಓಡಿಸಿದರು. ಬೆರಳು ನಿಂತಿತು.

"ಈ ಗಂಟು ನಂದಲ್ಲ."

ನಾನು ಚಹಾ ಕುಡಿದೆ. ಲೋಟ ಖಾಲಿ ಇತ್ತು.

"ನೇಯೋರ ಗಂಟು ಇಷ್ಟ್ ದಪ್ಪ ಇರಲ್ಲ ತಮ್ಮಾ. ಇದು ಮೂಟೆ ಕಟ್ಟೋ ಗಂಟು." ಅಕ್ಕ ಕಾರ್ಡು ಎಣಿಸಿದರು, ನನಗಿಂತ ಬೇಗ. "ನಾಕು ಇಲ್ಲ. ಕಾರ್ಡ್ ತಪ್ಪಿದ್ರೆ ಏನಾಗುತ್ತೆ ಗೊತ್ತಾ? ನವಿಲು ಬರುತ್ತೆ, ಕುತ್ತಿಗೆ ಇರಲ್ಲ."

ಮೇಷ್ಟ್ರು ಅಂದರು: "ಓದಮ್ಮಾ, ಇದ್ದಷ್ಟೇ ಓದು. ಕೇಳಾಣ."

ಓದಿದರು. ಗುಮಾಸ್ತ ಮನೆಗೆ ಬಂದ ಎನ್ನುವಲ್ಲಿ ಕಾರ್ಡು ಇರಲಿಲ್ಲ, ಭಾಯ್ "ಕಿವೀಗೆ ಪೆನ್ನು" ಎಂದು ತುಂಬಿದರು. ಮುಂದಿನದನ್ನು ಮೂವರು ಒಟ್ಟಿಗೆ ರಾಗವಾಗಿ ಹೇಳಿದರು: "ಒಂದ್ ನಿಮಿಷ, ಬರ್ಕೊಂಡ್ಬಿಡ್ತೀನಿ!" ಆಮೇಲೆ ಮೂಲೆಯಿಂದ ಅತ್ತೆ ಕೇಳಿದರು: "ಪಳ್ಳು ಎಕ್ಕಡ?" ಹಲ್ಲು ಎಲ್ಲಿ ಅಂತ. ಕೂಟ ಶುರುವಾದ ಈ ಒಂದೂವರೆ ವರ್ಷದಿಂದ ಅವರಿಗೆ ಎಲ್ಲವೂ ಅರ್ಥವಾಗುತ್ತಿತ್ತು. ನಾನು ತೆಗೆದ ಜಾಗಗಳೇ ಎಲ್ಲರಿಗೂ ಬಾಯಿಪಾಠ. ಬಿಟ್ಟ ಕಾರ್ಡುಗಳಲ್ಲಿ ಏನಿತ್ತೆಂದು ಅಷ್ಟು ಚೆನ್ನಾಗಿ ಯಾರಿಗೂ ನೆನಪಿರಲಿಲ್ಲ.

ಇಪ್ಪತ್ತೇಳನೆಯ ಜಾಗ ಬಂದಾಗ ಮಾತ್ರ ತೊಡಕಾಯಿತು. ಭಾಯ್ ಒಂದು ಮಾತು ಹೇಳಿದರು, ಮೇಷ್ಟ್ರು ಅದಲ್ಲ ಎಂದು ಇನ್ನೊಂದು ಹೇಳಿದರು. ಅಕ್ಕನೇ ತಲೆಯಾಡಿಸಿದರು. "ಬಾಯಿಗ್ ಬಂದಂಗ್ ಬರ್ದಿದ್ದೆ. ಮತ್ತೆ ಕೇಳಿದ್ರೆ ಅದೇ ಮಾತು ಹೆಂಗ್ ಬರುತ್ತೆ? ನಾನಂತೂ ಓದುವಾಗ ನಗ್ತಿದ್ದೆ."

ನಾನು ಒಪ್ಪಿಕೊಂಡೆ. ತೆಗೆದವನು ನಾನು, ಕಾರ್ಡುಗಳು ಮನೆಯಲ್ಲಿ ಭದ್ರವಾಗಿವೆ, ತಂದುಕೊಡುತ್ತೇನೆ ಅಂದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅಕ್ಕ ಬೈಯಲಿಲ್ಲ.

"ನಾಕೂ ತಂದ್ರೆ ನನ್ ಕಥೆ ಹಾಕು. ಕಮ್ಮಿ ಬಂದ್ರೆ ಬ್ಯಾಡ. ಮಗ್ಳಿಗೆ ಕುತ್ತಿಗೆ ಇಲ್ದಿರೋ ನವಿಲು ತೋರ್ಸಲ್ಲ ನಾನು."

ಸಂಜೆ ಮನೆಗೆ ಬಂದು ಲಕೋಟೆ ತೆಗೆದೆ. ಮೂರಿದ್ದವು. ಮೇಲಿಟ್ಟಿದ್ದು ಇರಲಿಲ್ಲ.

"ಅವ್ವ, ಇಲ್ಲೊಂದು ರಟ್ಟಿನ ಪಟ್ಟಿ ಇತ್ತಲ್ಲ?"

"ತೂತಿಂದಾ? ಹಿಟ್ಟು ಬಾಚಾಕೆ ತಗಂಡೆ. ಎಲ್ಲಾ ತೂತ್ನಾಗೇ ಸೋರ್ತು. ಬಿಸಾಕ್ದೆ."

"ಅದ್ರಲ್ಲಿ ಬರ್ದಿದ್ದು ಓದಿದ್ಯಾ?"

"ಓದಿದ್ರೆ ರೊಟ್ಟಿ ಯಾರ್ ಸುಡ್ತಿದ್ರೋ? ನೀನು ಬರ್ದಿರೋದೇನ್ ಕಮ್ಮಿ ಐತಾ ಮನ್ಯಾಗೆ, ಒಂದ್ ಹೋದ್ರೆ ಗೋಳಾಡಾಕೆ?"

ಅವ್ವನ ಮೇಲೆ ಕೂಗಾಡಿದೆ. ಕೂಗಾಡಬೇಕಾದದ್ದು ಯಾರ ಮೇಲೆ ಎಂದು ಗೊತ್ತಿದ್ದೇ ಕೂಗಾಡಿದೆ. ಆಮೇಲೆ ದಿನಚರಿಯಲ್ಲಿ ಫೆಬ್ರವರಿ 9ರ ಪುಟ ತೆಗೆದೆ. ಎಲ್ಲವನ್ನೂ ಬರೆಯುವವನಲ್ಲವೇ, ಆ ಮಾತನ್ನೂ ಬರೆದಿರುತ್ತೇನೆ. ಬರೆದಿದ್ದೆ: "ಮುದುಕಿಯ ಮಾತು. ನಗು: ಆರೂವರೆ." ಅಷ್ಟೇ. ಮಾತು ಇಲ್ಲ. ನಗು ಎಣಿಸುವ ಗಡಿಬಿಡಿಯಲ್ಲಿ ಅದು ತಲೆಯಲ್ಲಿ ಉಳಿದಿರಲಿಲ್ಲ, ಕಾರ್ಡು ತೆಗೆಯುವಾಗ ಮತ್ತೆ ಓದುವ ಧೈರ್ಯ ಬಂದಿರಲಿಲ್ಲ. ಆ ಪುಟವನ್ನು ಎಷ್ಟು ಹೊತ್ತು ನೋಡಿದೆನೋ, ಸಮಯ ಬರೆದುಕೊಂಡಿಲ್ಲ.

ನಿನ್ನೆ, ಏಪ್ರಿಲ್ 13. ಅಕ್ಕನ ಕಥೆಯಿಲ್ಲದ ಪತ್ರಿಕೆಯನ್ನೂ ಮೂರು ಕಾರ್ಡುಗಳನ್ನೂ ತೆಗೆದುಕೊಂಡು ಹೋದೆ. ಅವ್ವ ಹೇಳಿದ್ದನ್ನು ಇದ್ದ ಹಾಗೇ ಹೇಳಿದೆ. ಹಿಟ್ಟಿನ ವಿಷಯಕ್ಕೆ ಭಾಯ್ ನಕ್ಕರು, ನಾನು ಎಣಿಸಲಿಲ್ಲ. ಅಕ್ಕನ ಮಗಳು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

ಅತ್ತೆಯ ಹತ್ತಿರ ಹೋಗಿ ಕೈ ಮುಗಿದೆ. "ಅಮ್ಮಾ, ನಿಮಗೆ ಆ ಮಾತು ನೆನಪಿದೆಯಲ್ಲ?"

ಅವರು ಎಳೆ ಸುತ್ತುವುದನ್ನು ನಿಲ್ಲಿಸಲಿಲ್ಲ. "ನೇನು ಸಭ್ಯುರಾಲಿನಿ ಕಾದು ಕದಾ, ನಾಕೇಂ ತೆಲುಸು?" ನಾನು ಸದಸ್ಯಳಲ್ಲವಲ್ಲ, ನನಗೇನು ಗೊತ್ತು ಅಂತ. ಆಮೇಲೆ ಬಾಯಿ ತೆರೆದು ನಕ್ಕರು. ಈಗಲೇ ಸದಸ್ಯರನ್ನಾಗಿ ಮಾಡುತ್ತೇನೆ ಅಂದೆ. ಬೇಡ, ಹಾಜರಿಗೆ ಎರಡೆರಡು ಸಲ ಕೈ ಎತ್ತಲು ನನ್ನಿಂದಾಗದು ಅಂದರು.

ಅಕ್ಕ ಬಹಳ ಹೊತ್ತು ಮೂರು ಕಾರ್ಡನ್ನು ಕೈಯಲ್ಲಿ ಹಿಡಿದಿದ್ದರು. ಕಥೆ ಬೇಡವೇ ಬೇಡ ಅನ್ನುತ್ತಾರೆ ಎಂದು ಕಾದೆ. ಮಗಳು ಬಂದು ಪಕ್ಕ ಕುಳಿತು, "ಅವ್ವ, ಆ ಅಜ್ಜಿ ಏನಂದ್ಲು?" ಎಂದು ಕೇಳಿದಳು. "ಅದನ್ನೇ ಹುಡುಕ್ತಿದೀವಿ ಕಣೇ" ಅಂದ ಅಕ್ಕ ಎದ್ದು ಪೆಟ್ಟಿಗೆಯಿಂದ ಒಂದು ಹೊಸ ಕಾರ್ಡು ತಂದರು, ಒಂದೂ ತೂತಿಲ್ಲದ್ದು. ಮೂರನ್ನು ಅವುಗಳ ಜಾಗದಲ್ಲೂ ಖಾಲಿಯದನ್ನು ಇಪ್ಪತ್ತೇಳರ ಜಾಗದಲ್ಲೂ ಸೇರಿಸಿ ಹೊಲಿದರು. ಗಂಟು ಎಲ್ಲಿದೆಯೆಂದು ನನಗೆ ಕಾಣಿಸಲಿಲ್ಲ.

"ಕಥೆ ಹಾಕು, ಪತ್ರಿಕೇಲೂ ಇಷ್ಟೇ ಜಾಗ ಖಾಲಿ ಬಿಡು. ಕೆಳಗೆ ಯಾರ್ ತೆಗುದ್ರು, ಯಾವತ್ತು, ಎಷ್ಟ್ ಗಂಟೆಗೆ ಅಂತ ಬರಿ. ಅದ್ರಲ್ಲಿ ನೀನು ಜಾಣ. ಆ ಮಾತು ಹುಡ್ಕೋ ಜವಾಬ್ದಾರಿ ನಿಂದು. ಸಿಕ್ಕಿದ್ ದಿನ ನಾನೇ ನನ್ ಕೈಯಾಗೆ ತುಂಬ್ತೀನಿ."

ಅಲ್ಲೇ ಕುಳಿತು ಕಥೆಯನ್ನು ಪತ್ರಿಕೆಗೆ ನಕಲು ಮಾಡಿ, ಖಾಲಿ ಜಾಗದ ಕೆಳಗೆ ಹಾಗೇ ಬರೆದೆ. ನನ್ನ ದುಂಡನೆಯ ಅಕ್ಷರದಲ್ಲಿ ಅದು ತುಂಬ ಚೆನ್ನಾಗಿ ಬಂದಿದೆ. ಪತ್ರಿಕೆಯ ಹಿಂದಿನ ರಕ್ಷಾಪುಟದಲ್ಲಿದ್ದ ಹದಿನಾಲ್ಕು ನಿಯಮಗಳ ಮೇಲೆ ಮೇಷ್ಟ್ರು ಒಂದು ಖಾಲಿ ಹಾಳೆ ಅಂಟಿಸಿದರು. ಯಾರೂ ಮತ ಹಾಕಲಿಲ್ಲ, ಯಾರೂ ವಿರೋಧಿಸಲೂ ಇಲ್ಲ.

ನಿನ್ನೆ ಕೂಟದಲ್ಲೇ ಒಬ್ಬೊಬ್ಬರನ್ನೂ ಕೇಳಿ, ಆ ಮಾತಿನ ಐದು ರೂಪ ನನ್ನ ಬಳಿ ಸೇರಿವೆ. ಐದೂ ಚೆನ್ನಾಗಿವೆ. ಅಕ್ಕ ಐದಕ್ಕೂ "ಇದಲ್ಲ" ಅಂದಿದ್ದಾರೆ. ಫೆಬ್ರವರಿ 9ರಂದು ನಾನು ಕಟ್ಟನ್ನು ಮನೆಗೆ ಒಯ್ಯುವ ಮೊದಲೇ ಅದು ಅವರ ಬೀದಿಯ ಇನ್ನೆರಡು ನೇಕಾರರ ಮನೆಗಳಿಗೆ ಹೋಗಿ ಬಂದಿತ್ತಂತೆ, ಅಲ್ಲೂ ಯಾರೋ ಜೋರಾಗಿ ಓದಿ ನಕ್ಕಿದ್ದರಂತೆ. ನೀವು ಆ ಮನೆಯವರಾಗಿದ್ದರೆ, ಅಥವಾ ಗೋಡೆಯಾಚೆಯಿಂದ ಕೇಳಿಸಿಕೊಂಡವರಾಗಿದ್ದರೆ, ಧೂಳು ಹಿಡಿದ ಸಿಂಹಾಸನದ ಮುಂದೆ ನಿಂತು ಆ ಮುದುಕಿ ಗುಮಾಸ್ತನಿಗೆ ಏನಂದಳು ಎಂಬುದನ್ನು ಇದು ಅಚ್ಚಾದ ಪತ್ರಿಕೆಯ ವಿಳಾಸಕ್ಕೆ ಬರೆದು ಕಳಿಸಿ. ಹಾಳೆ ಯಾವುದಾದರೂ ಆಗಬಹುದು, ಎರಡೂ ಬದಿಯಲ್ಲಿ ಬರೆಯಬಹುದು. ಮಾತು ಪೂರ್ತಿ ಇರಲಿ, ನನಗೆ ನೋವಾಗುತ್ತದೆಂದು ಏನನ್ನೂ ಬಿಡಬೇಡಿ.